ವಿದ್ಯಾರ್ಥಿಯ ಅನುಭವ ಬರೆಸಿಕೊಳ್ಳುವ ಮುನ್ನ: ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಪದವಿ, ನರ್ಸಿಂಗ್, ಎಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಕಲ್ಯಾಣ ವಿಭಾಗದವರಿಗೆ,

ನಮಸ್ಕಾರ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಹತ್ತಿರವಾಯಿತೆಂದರೆ ಅನೇಕ ಕಾಲೇಜುಗಳಿಗೆ ‘ವೈವಿಧ್ಯ ದಿನ’ ನೆನಪಾಗುತ್ತದೆ. ಮಣಿಪುರದ ಹುಡುಗಿಗೆ ಫನೇಕ್ ಉಟ್ಟು ಬಾ ಎನ್ನುತ್ತಾರೆ. ಯಲ್ಲಾಪುರದ ಸಿದ್ದಿ ಹುಡುಗನಿಗೆ ಡಮಾಮಿ ಬಾರಿಸು ಎನ್ನುತ್ತಾರೆ. ಆಫ್ರಿಕಾದ ವಿದ್ಯಾರ್ಥಿಯ ಕೈಗೆ ಅವನ ದೇಶದ ಬಾವುಟ ಬರುತ್ತದೆ. ಕುಣಿತ ಮುಗಿದ ಮೇಲೆ ಮೈಕು ಕೊಟ್ಟು, ‘ನಮ್ಮ ಕಾಲೇಜಿನಲ್ಲಿ ನಿನ್ನ ಅನುಭವ ಹೇಳು, ಐದೇ ನಿಮಿಷ’. ಮುಂದಿನ ಸಾಲಿನಲ್ಲಿ ಕೂತಿರುವವರು ಇಂಟರ್ನಲ್ಸ್ ಅಂಕ ಹಾಕುವವರು. ಆ ಐದು ನಿಮಿಷದಲ್ಲಿ ಏನು ಹೊರಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು: ‘ಇಲ್ಲಿ ಎಲ್ಲರೂ ನನ್ನನ್ನು ಮನೆಯವರ ಹಾಗೆ ನೋಡಿಕೊಳ್ಳುತ್ತಾರೆ’. ಚಪ್ಪಾಳೆ. ಜಿಯೋಟ್ಯಾಗ್ ಇರುವ ಫೋಟೊ ನ್ಯಾಕ್ ತಂಡಕ್ಕೆ ತೋರಿಸುವ ಕಡತ ಸೇರುತ್ತದೆ. ಅದೇ ಹುಡುಗಿ ಸಂಜೆ ಪಿ.ಜಿ.ಗೆ ಹೋಗುವಾಗ ಬೀದಿಯಲ್ಲಿ ಕೇಳಿಸಿಕೊಳ್ಳುವ ಮಾತು ಯಾವ ಕಡತಕ್ಕೂ ಸೇರುವುದಿಲ್ಲ.

ವಿದ್ಯಾರ್ಥಿಗಳ ಅನುಭವವನ್ನು ಬರೆದಿಟ್ಟು ಸಮಿತಿಗಳ ಮುಂದಿಡುವ ಕೆಲಸ ಮಾಡುವವರು ನಾವು. ನಮ್ಮ ಕೋರಿಕೆ ಚಿಕ್ಕದು. ಕೇಳಿದ್ದನ್ನು ಯಾರು ಓದುತ್ತಾರೆ, ಓದಿ ಎಷ್ಟು ದಿನದೊಳಗೆ ಏನು ತೀರ್ಮಾನ ಮಾಡುತ್ತಾರೆ ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಅದಾದ ಮೇಲೆ ಕೇಳಿ. ಅದಾಗುವುದಿಲ್ಲ ಎಂದಾದರೆ ದಯವಿಟ್ಟು ಕೇಳಲೇಬೇಡಿ.

ಬಣ್ಣ, ಮುಖ, ಹುಟ್ಟಿದ ಊರು ನೋಡಿ ‘ಹೊರಗಿನವರು’ ಅನ್ನಿಸಿಕೊಳ್ಳುವವರೆಲ್ಲ ಒಂದೇ ಗುಂಪಲ್ಲ. ಸುತ್ತೋಲೆ ಹೊರಡಿಸುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಸಿದ್ದಿ ಮಕ್ಕಳಿಂದ ಶುರು ಮಾಡೋಣ, ಯಾಕೆಂದರೆ ಅವರು ನಮ್ಮವರೇ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರ ಪೂರ್ವಿಕರಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆ ತಲೆತಲಾಂತರದಿಂದ ಇದ್ದಾರೆ. ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ಅವರದೇ ಬಗೆಯ ಕೊಂಕಣಿ, ಶಾಲೆಯಲ್ಲಿ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಬೆಳಗಾವಿ, ಧಾರವಾಡ ಜಿಲ್ಲೆಗಳವರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟೆಲ್ಲ ಆದರೂ ಹುಬ್ಬಳ್ಳಿಯ ಕಾಲೇಜಿಗೋ ಬೆಂಗಳೂರಿನ ಹಾಸ್ಟೆಲ್ಲಿಗೋ ಬಂದ ಸಿದ್ದಿ ವಿದ್ಯಾರ್ಥಿಯನ್ನು ಮೊದಲ ದಿನ ಇಂಗ್ಲಿಷಿನಲ್ಲಿ ‘ಯಾವ ದೇಶ?’ ಎಂದು ಕೇಳುವುದು ನಿಂತಿಲ್ಲ. ಅವನು ಅಚ್ಚ ಉತ್ತರ ಕನ್ನಡದ ಧಾಟಿಯಲ್ಲಿ ಉತ್ತರ ಕೊಟ್ಟರೆ ‘ಅರೆ, ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀಯಲ್ಲ!’ ಎಂಬ ಮೆಚ್ಚುಗೆ. ಮೆಚ್ಚಿದವರಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಕೇಳಿಸಿಕೊಂಡವನು ಅದನ್ನು ಮೂರು ವರ್ಷ, ದಿನಕ್ಕೊಬ್ಬರಿಂದ ಕೇಳಿಸಿಕೊಳ್ಳುತ್ತಾನೆ.

ಸಿದ್ದಿ ಮಕ್ಕಳ ಮೇಲೆ ಇನ್ನೊಂದು ಹೊರೆಯೂ ಇದೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಈ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಅರ್ಧದಾರಿಯಿಂದ ಊರಿಗೆ ಮರಳಿದರು. ಆದರೆ ಆ ಆಯ್ಕೆಯ ಹಿಂದಿದ್ದ ‘ಆಫ್ರಿಕಾದ ರಕ್ತ, ಓಟ ಹುಟ್ಟಿನಿಂದಲೇ ಬಂದಿರುತ್ತದೆ’ ಎಂಬ ನಂಬಿಕೆ ದೈಹಿಕ ಶಿಕ್ಷಣದ ಅಧ್ಯಾಪಕರಲ್ಲಿ ಇನ್ನೂ ಗಟ್ಟಿಯಾಗಿದೆ. ಲೆಕ್ಕಶಾಸ್ತ್ರದಲ್ಲಿ ಆಸಕ್ತಿಯಿರುವ ಹುಡುಗನನ್ನು ಮೈದಾನಕ್ಕೆ ಎಳೆಯುವುದು, ಅವನು ಓಟದಲ್ಲಿ ಹಿಂದೆ ಬಿದ್ದರೆ ‘ನೀನು ಸಿದ್ದಿನಾ?’ ಎನ್ನುವುದು, ಇವೆರಡೂ ಅನುಭವ ದಾಖಲೆಯಲ್ಲಿ ಬರಬೇಕಾದ ಸಂಗತಿಗಳೇ. ಹೊಗಳಿಕೆಯ ರೂಪದಲ್ಲಿರುವುದರಿಂದ ದೂರು ಪೆಟ್ಟಿಗೆಗೆ ಎಂದೂ ಬೀಳುವುದಿಲ್ಲ.

ಮುಂಡಗೋಡ, ಬೈಲಕುಪ್ಪೆಯ ಟಿಬೆಟನ್ ವಿದ್ಯಾರ್ಥಿಗಳು ಇಲ್ಲೇ ಹುಟ್ಟಿದವರು. ಅವರಲ್ಲಿ ಕನ್ನಡ ಬಲ್ಲವರಿಗೆ ಕೊರತೆಯಿಲ್ಲ. ಈಶಾನ್ಯ ರಾಜ್ಯಗಳವರು ಈ ದೇಶದ ಪ್ರಜೆಗಳು, ಆದರೆ ಅದನ್ನು ದಿನವೂ ಸಾಬೀತು ಮಾಡಬೇಕಾದವರು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದು, 2020ರಲ್ಲಿ ‘ಕೊರೊನಾ’ ಎಂದು ಕರೆಸಿಕೊಂಡದ್ದು ಇವರೇ. ಆಫ್ರಿಕಾದ ದೇಶಗಳಿಂದ ಬಂದವರ ಮಾತು ಬೇರೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅವಳಿಗೂ ಆ ಕಾರಿಗೂ ಸಂಬಂಧವಿರಲಿಲ್ಲ. ದೇಶ ಕೂಡ ಬೇರೆ. ಬಣ್ಣ ಒಂದೇ ಎಂಬುದೇ ಸಾಕಾಯಿತು.

ಈಗ ಕೇಳುವ ರೀತಿಗೆ ಬರೋಣ.

‘ನಿನಗೆ ಇಲ್ಲಿ ತಾರತಮ್ಯ ಆಗಿದೆಯಾ?’ ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ಮಾತುಕತೆ ಅಲ್ಲೇ ಮುಗಿಯುತ್ತದೆ. ಆ ಪ್ರಶ್ನೆಗೆ ಹೌದು ಎನ್ನಬೇಕಾದರೆ ವಿದ್ಯಾರ್ಥಿ ತಾನೇ ನ್ಯಾಯಾಧೀಶನಾಗಿ ತೀರ್ಪು ಕೊಟ್ಟು, ಒಬ್ಬರ ಮೇಲೆ ಆರೋಪ ಹೊರಿಸಿ, ಪುರಾವೆಯನ್ನೂ ತಯಾರಿಟ್ಟುಕೊಂಡಿರಬೇಕು. ಇಲ್ಲ ಎನ್ನುವುದು ಎಷ್ಟೋ ಸುಲಭ. ಅದರ ಬದಲು ಜಾಗ ಹಿಡಿದು ಕೇಳಿ, ದಿನ ಹಿಡಿದು ಕೇಳಿ. ಕಳೆದ ಸೋಮವಾರ ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿಗೆ ಹೋದಿರಿ? ಲ್ಯಾಬಿನಲ್ಲಿ ಜೋಡಿ ಹೇಗೆ ಆಯಿತು? ಮೆಸ್ಸಿನಲ್ಲಿ ಯಾರ ಜೊತೆ ಕೂರುತ್ತೀರಿ? ಪರೀಕ್ಷೆಯ ಹಿಂದಿನ ದಿನ ನೋಟ್ಸು ಯಾರ ಹತ್ತಿರ ಸಿಗುತ್ತದೆ? ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಕಟಣೆ ಯಾವ ಭಾಷೆಯಲ್ಲಿ ಬರುತ್ತದೆ? ಗೇಟಿನಲ್ಲಿ ಐ.ಡಿ. ಕಾರ್ಡ್ ಎಷ್ಟು ಸಲ ತೋರಿಸುತ್ತೀರಿ, ಜೊತೆಗಿದ್ದವರು ಎಷ್ಟು ಸಲ ತೋರಿಸಿದರು? ಬಾಡಿಗೆಗೆ ರೂಮು ಕೇಳಿದಾಗ ಫೋನಿನಲ್ಲಿ ಹೇಳಿದ್ದೇನು, ಮನೆ ಬಾಗಿಲಿಗೆ ಹೋದಾಗ ಹೇಳಿದ್ದೇನು?

ಈ ಬಗೆಯ ಪ್ರಶ್ನೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಉಳಿಸಿಕೊಳ್ಳುವುದು ಜ್ವರದ ಪ್ರಶ್ನೆಯನ್ನು: ಹೋದ ಸಲ ಜ್ವರ ಬಂದಾಗ ಮೊದಲು ಯಾರಿಗೆ ಹೇಳಿದಿರಿ? ರೂಮ್‌ಮೇಟ್‌ಗೋ, ವಾರ್ಡನ್‌ಗೋ, ಕ್ಲಾಸ್ ಟೀಚರಿಗೋ, ಸಾವಿರಾರು ಕಿಲೋಮೀಟರ್ ದೂರದ ಅಮ್ಮನಿಗೋ, ಯಾರಿಗೂ ಇಲ್ಲವೋ? ಆ ವಿದ್ಯಾರ್ಥಿ ನಿಮ್ಮ ಕಾಲೇಜಿನವರಾಗಿದ್ದಾರೋ ಇಲ್ಲವೋ ಎಂಬುದು ಆ ಉತ್ತರದಲ್ಲಿದೆ. ‘ಇಲ್ಲಿ ನಿನಗೆ ಆಪ್ತ ಅನ್ನಿಸುತ್ತಾ, ಒಂದರಿಂದ ಐದರೊಳಗೆ ಅಂಕ ಕೊಡು’ ಎಂಬ ಫಾರ್ಮಿನಲ್ಲಿ ಎಲ್ಲರೂ ನಾಲ್ಕು ಒತ್ತಿ ಎದ್ದುಹೋಗುತ್ತಾರೆ.

ಒಳ್ಳೆಯದನ್ನೂ ಕೇಳಿ, ಸೌಜನ್ಯಕ್ಕಲ್ಲ. ‘ಆ ಒಬ್ಬ ಲೈಬ್ರರಿಯನ್ ಮೇಡಂ ಹೆಸರು ಸರಿಯಾಗಿ ಕರೆಯುತ್ತಾರೆ’ ಎಂದು ನಾಲ್ಕು ಜನ ಬೇರೆಬೇರೆಯಾಗಿ ಹೇಳಿದರೆ, ಮಿಕ್ಕ ಮೂವತ್ತು ಮಂದಿ ಸಿಬ್ಬಂದಿ ಕರೆಯುತ್ತಿಲ್ಲ ಎಂದು ಅರ್ಥ.

ಹೆಸರಿನ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇವೆ. ಹಾಜರಿ ಪುಸ್ತಕ ದಿನಕ್ಕೆ ಐದಾರು ಸಲ ತೆರೆಯುವ ಪುಸ್ತಕ. ‘ನಿನ್ನ ಹೆಸರು ನಾಲಿಗೆಗೆ ಹೊರಳಲ್ಲಪ್ಪ, ರಾಜು ಅಂತ ಕರೀತೀನಿ’ ಎಂದು ಮೊದಲ ದಿನ ಒಬ್ಬ ಅಧ್ಯಾಪಕರು ತಮಾಷೆಗೆ ಅಂದರೆ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇಡೀ ತರಗತಿಗೆ ಅವನು ರಾಜುವೇ. ಇದಕ್ಕಿಂತ ಪೇಚಿನದು ಅರ್ಜಿ ನಮೂನೆ. ಟಿಬೆಟನ್ನರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೆಂಬುದೇ ಇಲ್ಲ. ಒಂದೇ ತರಗತಿಯಲ್ಲಿ ಮೂವರು ತೆನ್‌ಜಿನ್‌ಗಳಿರಬಹುದು. ಮೈತೇಯಿಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅದನ್ನೇ ಇನಿಶಿಯಲ್ ಮಾಡಿ ಕೊನೆಗೆ ತಳ್ಳಿದರೆ ಹತ್ತನೇ ತರಗತಿಯ ಅಂಕಪಟ್ಟಿಗೂ ನಿಮ್ಮ ದಾಖಲಾತಿಗೂ ಹೆಸರು ತಾಳೆಯಾಗುವುದಿಲ್ಲ. ಹೆಸರು ತಾಳೆಯಾಗದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ವಾಪಸು. ಇದನ್ನು ಜನಾಂಗೀಯ ದ್ವೇಷ ಎಂದು ಯಾರೂ ಕರೆಯುವುದಿಲ್ಲ. ಆದರೂ ವರ್ಷಪೂರ್ತಿ ಕಚೇರಿಯ ಕಿಟಕಿಯ ಮುಂದೆ ನಿಲ್ಲುವವರು ಯಾರು ಎಂದು ನೋಡಿದರೆ ಮುಖಗಳೆಲ್ಲ ಒಂದೇ ದಿಕ್ಕಿನವು. ಪ್ರವೇಶದ ದಿನವೇ ವಿದ್ಯಾರ್ಥಿಯ ಬಾಯಿಂದ ಹೆಸರು ಹೇಳಿಸಿ, ಕೇಳಿದ ಹಾಗೆ ಕನ್ನಡ ಲಿಪಿಯಲ್ಲಿ ಹಾಜರಿ ಪುಸ್ತಕದ ಬದಿಗೆ ಬರೆದುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ನಮ್ಮ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಇಂಗ್ಲಿಷ್ ಸ್ಪೆಲಿಂಗಿಗಿಂತ ಎಷ್ಟೋ ವಾಸಿ.

ಯಾರು ಕೇಳಬೇಕು? ಅಂಕ, ಹಾಜರಾತಿ, ರೂಮು, ಬೋನಫೈಡ್ (ಈ ಕಾಲೇಜಿನ ವಿದ್ಯಾರ್ಥಿ ಎಂಬ ಪ್ರಮಾಣಪತ್ರ) ಈ ನಾಲ್ಕರಲ್ಲಿ ಯಾವುದೊಂದು ಕೈಯಲ್ಲಿದ್ದವರೂ ಕೇಳಬಾರದು. ಅಂದರೆ ಎಚ್‌ಒಡಿ, ಕ್ಲಾಸ್ ಟೀಚರ್, ವಾರ್ಡನ್, ಕಚೇರಿ ಅಧೀಕ್ಷಕರು ಎಲ್ಲರೂ ಹೊರಗೆ. ನೆರೆಯ ಕಾಲೇಜಿನ ಸಮಾಜಕಾರ್ಯ ವಿಭಾಗದವರನ್ನೋ ಆಪ್ತಸಮಾಲೋಚಕರನ್ನೋ ಕರೆಸಿ, ನಿಮ್ಮವರನ್ನು ಅವರಲ್ಲಿಗೆ ಕಳಿಸಿ. ಜಾಗ ಪ್ರಾಂಶುಪಾಲರ ಕೊಠಡಿಯ ಪಕ್ಕದ್ದಾಗಿರಬಾರದು. ಅಲ್ಲಿಂದ ಹೊರಬರುವುದನ್ನು ನೋಡಿದವರು ಏನೋ ದೂರು ಕೊಟ್ಟಿದ್ದಾನೆ ಎಂದೇ ತಿಳಿಯುತ್ತಾರೆ. ಒಬ್ಬ ವಿದ್ಯಾರ್ಥಿಗೆ ಒಂದೂವರೆ ಗಂಟೆ ಮೀಸಲಿಡಿ, ದಿನಕ್ಕೆ ಮೂವರಿಗಿಂತ ಹೆಚ್ಚು ಬೇಡ. ನಾಲ್ಕನೆಯವರ ಹೊತ್ತಿಗೆ ಕೇಳುವವರ ಕಿವಿ ದಣಿದು, ಮೊದಲ ಮೂವರು ಹೇಳಿದ್ದನ್ನೇ ಇವರ ಬಾಯಿಂದಲೂ ಹೇಳಿಸತೊಡಗುತ್ತದೆ.

ಭಾಷೆ ವಿದ್ಯಾರ್ಥಿಯ ಆಯ್ಕೆ. ಸಿದ್ದಿ ವಿದ್ಯಾರ್ಥಿ ಕನ್ನಡದಲ್ಲಿ ಹೇಳುವುದನ್ನು ವರದಿಗಾಗಿ ಇಂಗ್ಲಿಷಿಗೆ ತಿರುಗಿಸಿ ಮೂಲವನ್ನು ಎಸೆಯಬೇಡಿ. ಅನುವಾದಕರು ಬೇಕಾದಾಗ ಅದೇ ರಾಜ್ಯದ ವಿದ್ಯಾರ್ಥಿ ಸಂಘದ ಮುಖಂಡನನ್ನು ಕರೆತಂದು ಕೂರಿಸುವ ರೂಢಿಯಿದೆ. ಊರಲ್ಲಿ ಇಬ್ಬರ ಮನೆ ಒಂದೇ ಬೀದಿಯಲ್ಲಿರಬಹುದು, ಬುಡಕಟ್ಟುಗಳ ನಡುವೆ ಇಲ್ಲಿಗೆ ಕಾಣದ ಜಗಳವಿರಬಹುದು. ಹೆಸರು ಹೇಳಿ, ‘ಇವರು ಪರವಾಗಿಲ್ಲವಾ?’ ಎಂದು ಮುಂಚಿತವಾಗಿ, ಅವರಿಲ್ಲದಾಗ ಕೇಳಿ.

ಮಾತಿನ ನಡುವೆ ಮೌನ ಬಂದರೆ ಹತ್ತು ಸೆಕೆಂಡು ಸುಮ್ಮನಿರಿ. ಅಧ್ಯಾಪಕರಿಗೆ ಇದು ಕಷ್ಟ, ಗೊತ್ತು. ಸಮಾಧಾನವನ್ನೂ ಹೇಳಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ‘ಅವರು ತಮಾಷೆಗೆ ಅಂದಿರಬೇಕು ಬಿಡಮ್ಮ’ ಎಂಬ ವಾಕ್ಯವನ್ನು ನಾಲಿಗೆಯಿಂದ ಕಿತ್ತುಹಾಕಿ. ಆ ವಾಕ್ಯ ಬಂದ ಮೇಲೆ ಬರುವುದೆಲ್ಲ ನಿಮ್ಮನ್ನು ಮೆಚ್ಚಿಸುವ ಮಾತು.

ಬರೆಯುವಾಗ ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ‘ಅನುಚಿತ ಪದ ಬಳಸಲಾಯಿತು’ ಎಂದು ಬರೆದ ವರದಿಯಿಂದ ಏನೂ ತಿಳಿಯುವುದಿಲ್ಲ. ‘ಚಿಂಕಿ’ ಎಂದರೋ, ‘ಮೋಮೋ’ ಎಂದರೋ, ‘ಏ ಕರಿಯ’ ಎಂದರೋ? ಅಂದದ್ದು ಬೆನ್ನ ಹಿಂದೆಯೋ, ವೈವಾ ನಡೆಯುವಾಗ ಮೇಜಿನ ಆಚೆಯಿಂದಲೋ? ಶಿಸ್ತಿನ ಕ್ರಮ ತೀರ್ಮಾನವಾಗುವುದು ಈ ವಿವರದ ಮೇಲೆ. ಸಮಿತಿಯ ಪ್ರತಿಯಲ್ಲಿ ಪದ ಇದ್ದ ಹಾಗೇ ಇರಲಿ, ಹೊರಗೆ ಹಂಚುವ ಪ್ರತಿಯಲ್ಲಿ ಇರಬೇಕೋ ಬೇಡವೋ ಎಂದು ಹೇಳಿದವರೇ ನಿರ್ಧರಿಸಲಿ.

ಒಪ್ಪಿಗೆ ಪತ್ರದ ವಿಷಯದಲ್ಲಿ ಕಾಲೇಜುಗಳು ಸಾಮಾನ್ಯವಾಗಿ ಎಡವುತ್ತವೆ. ಮಾತು ಶುರುವಾಗುವ ಮೊದಲೇ ಸಹಿ ಹಾಕಿಸಿಕೊಂಡರೆ ಆ ಸಹಿಗೆ ಬೆಲೆಯಿಲ್ಲ, ಯಾಕೆಂದರೆ ತಾನು ಏನು ಹೇಳಲಿದ್ದೇನೆ ಎಂಬುದು ಆಗ ವಿದ್ಯಾರ್ಥಿಗೇ ಗೊತ್ತಿರುವುದಿಲ್ಲ. ಮೊದಲು ಕೇಳುವುದಕ್ಕೆ ಮಾತ್ರ ಒಪ್ಪಿಗೆ ಪಡೆಯಿರಿ. ವಾರದೊಳಗೆ ಅಕ್ಷರಕ್ಕಿಳಿಸಿ ಪ್ರತಿಯನ್ನು ಅವರ ಕೈಗೆ ಕೊಡಿ, ಹೊಡೆದುಹಾಕಲು, ತಿದ್ದಲು ಎರಡು ವಾರ ಬಿಡಿ. ಎರಡನೆಯ ಸಹಿ ಆಮೇಲೆ, ಮೂರು ಬೇರೆಬೇರೆ ಸಾಲುಗಳಿಗೆ: ಕೇಳಿದವರಲ್ಲೇ ಉಳಿಯಲಿ, ಹೆಸರಿಲ್ಲದೆ ಸಮಿತಿಗೆ ಹೋಗಲಿ, ಹೊರಗೆ ಪ್ರಕಟವಾಗಲಿ. ಮೊದಲ ಸಾಲಿಗೆ ಮಾತ್ರ ಸಹಿ ಮಾಡಿದವರನ್ನು ಎರಡನೆಯದಕ್ಕೆ ಒಲಿಸಲು ಹೋಗಬೇಡಿ. ಹಿಂತೆಗೆದುಕೊಳ್ಳುವ ಹಕ್ಕು ಎಂದಿನವರೆಗೆ ಎಂಬ ದಿನಾಂಕವೂ ಅದರಲ್ಲೇ ಇರಲಿ. ಅಚ್ಚಾದ ಮೇಲೆ ಹಿಂತೆಗೆಯಲಾಗದು ಎಂಬುದನ್ನು ಮುಚ್ಚಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರು ಮಕ್ಕಳು. ಪದವಿಯ ಮೊದಲ ವರ್ಷದಲ್ಲಿ ಅಂಥವರು ಇರುತ್ತಾರೆ, ಪೋಷಕರ ಒಪ್ಪಿಗೆ ಬೇಕು.

ಗುಟ್ಟಾಗಿ ಇಡುತ್ತೇವೆ ಎಂದು ಪೂರ್ತಿ ಭರವಸೆ ಕೊಡಬೇಡಿ, ಕೊಡಲು ನಿಮಗೆ ಅಧಿಕಾರವಿಲ್ಲ. 18ರೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದರೆ ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕು. ರ‍್ಯಾಗಿಂಗ್ ಕ್ರಿಮಿನಲ್ ಅಪರಾಧದ ಮಟ್ಟಕ್ಕೆ ಹೋಗಿದ್ದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಎಫ್‌ಐಆರ್ ದಾಖಲಿಸುವ ಹೊಣೆ ಸಂಸ್ಥೆಯ ಮುಖ್ಯಸ್ಥರದು. ಇವೆರಡನ್ನೂ, ಜೀವಕ್ಕೆ ಅಪಾಯವಿರುವ ಸಂದರ್ಭವನ್ನೂ ರೆಕಾರ್ಡರ್ ಒತ್ತುವ ಮೊದಲೇ ಹೇಳಿ. ಹೇಳಿದರೆ ಕೆಲವರು ಬಾಯಿ ಬಿಡಲಿಕ್ಕಿಲ್ಲ. ಬಿಡದಿರುವುದು ಅವರ ತೀರ್ಮಾನ. ಭರವಸೆ ಕೊಟ್ಟು ಮುರಿದರೆ ಆ ಹಾಸ್ಟೆಲ್ಲಿನಲ್ಲಿ ಮುಂದೆ ಯಾರೂ ಮಾತಾಡುವುದಿಲ್ಲ.

ಹೆಸರು ಅಳಿಸಿದರೆ ಗುರುತು ಅಳಿಯಿತು ಅಂದುಕೊಳ್ಳಬೇಡಿ. ‘ದ್ವಿತೀಯ ವರ್ಷದ ನರ್ಸಿಂಗ್, ನಾಗಾಲ್ಯಾಂಡ್, ವಿದ್ಯಾರ್ಥಿನಿ’ ಎಂದರೆ ನಿಮ್ಮ ಕಾಲೇಜಿನಲ್ಲಿ ಒಬ್ಬಳೇ ಇರಬಹುದು. ನಾವು ಪಾಲಿಸುವ ಲೆಕ್ಕ ಹೀಗಿದೆ: ಯಾವುದೇ ವಿವರಣೆಗೆ ಕಾಲೇಜಿನಲ್ಲಿ ಕನಿಷ್ಠ ಐದು ಜನ ಹೊಂದಬೇಕು, ಇಲ್ಲದಿದ್ದರೆ ವಿವರಣೆಯನ್ನು ಹಿಗ್ಗಿಸಬೇಕು. ನಾಗಾಲ್ಯಾಂಡ್ ಹೋಗಿ ಈಶಾನ್ಯ ರಾಜ್ಯ ಆಗುತ್ತದೆ, ನರ್ಸಿಂಗ್ ದ್ವಿತೀಯ ಹೋಗಿ ಆರೋಗ್ಯ ವಿಜ್ಞಾನ ಆಗುತ್ತದೆ, ಸೆಪ್ಟೆಂಬರ್ 14 ಹೋಗಿ ಆ ಸೆಮಿಸ್ಟರ್ ಆಗುತ್ತದೆ. ಆದರೆ ಘಟನೆ ನಡೆದ ಜಾಗವನ್ನು ಮಸುಕು ಮಾಡಬೇಡಿ. ಮೆಸ್ಸಿನ ಸರದಿಯಲ್ಲಿ ನಡೆದದ್ದನ್ನು ‘ಕ್ಯಾಂಪಸ್ಸಿನಲ್ಲಿ’ ಎಂದು ಬರೆದರೆ ಯಾರು ಏನನ್ನು ಸರಿಪಡಿಸಬೇಕು? ಇಡೀ ಕಾಲೇಜಿನಲ್ಲಿ ಸಿದ್ದಿ ವಿದ್ಯಾರ್ಥಿ ಒಬ್ಬರೇ ಇದ್ದರೆ ಒಂದು ಕಾಲೇಜಿನ ವರದಿಯಲ್ಲಿ ಅವರ ಮಾತು ಬರಲೇಬಾರದು, ನಾಲ್ಕಾರು ಕಾಲೇಜುಗಳದ್ದನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯದ ಮಟ್ಟದಲ್ಲಿ ಬರಲಿ.

ಗೂಗಲ್ ಫಾರ್ಮ್ ಸುಲಭ, ನಿಜ. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆ ಒತ್ತಿದ ಕೂಡಲೇ ಅದು ಲಾಗಿನ್ ಕೇಳುತ್ತದೆ. ಇಮೇಲ್ ದಾಖಲಾಗುವುದಿಲ್ಲ ಎಂದು ನೀವು ಎಷ್ಟು ಹೇಳಿದರೂ ಕಾಲೇಜಿನ ಐ.ಡಿ.ಯಿಂದ ಒಳಹೋದ ಹುಡುಗ ನಂಬುವುದಿಲ್ಲ. ಉತ್ತರಗಳ ಪಕ್ಕದಲ್ಲಿ ಸಮಯ ಬೇರೆ ಬಿದ್ದಿರುತ್ತದೆ. ಮೂರನೇ ಪೀರಿಯಡ್ಡಿನಲ್ಲಿ ಯಾರು ಫೋನು ಹಿಡಿದು ಕೂತಿದ್ದರು ಎಂಬುದು ಅಧ್ಯಾಪಕರಿಗೆ ನೆನಪಿರುತ್ತದೆ. ಧ್ವನಿಮುದ್ರಿಕೆಯನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಂತೂ ಕೂಡದು. ಬರಹಕ್ಕೆ ಒಂದು ಸಂಕೇತ ಸಂಖ್ಯೆ, ಸಂಕೇತಕ್ಕೂ ಹೆಸರಿಗೂ ಕೊಂಡಿಯಾಗುವ ಹಾಳೆ ಬೇರೆಯವರ ಬೀರುವಿನಲ್ಲಿ, ವರ್ಷ ಕಳೆದ ಮೇಲೆ ಆ ಹಾಳೆ ನಾಶ.

ಅನುಭವ ಕಥನವೂ ದೂರೂ ಬೇರೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ. ಹೇಳಿಕೊಳ್ಳಲು ಬಂದವರನ್ನು ಕೇಳದೆ ದೂರುದಾರರನ್ನಾಗಿ ಮಾಡುವುದು ಒಂದು ತಪ್ಪು. ದೂರು ತಂದವರಿಗೆ ‘ನಿನ್ನ ಅನುಭವ ಬರೆದುಕೊಡು, ನೋಡೋಣ’ ಎಂದು ಸಾಗಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಆದ್ದರಿಂದ ಕೊನೆಗೆ ‘ಇದನ್ನು ದೂರಾಗಿ ಕೊಡಲು ಬಯಸುತ್ತೀರಾ?’ ಎಂದು ಒಂದೇ ಸಲ, ಒತ್ತಾಯವಿಲ್ಲದೆ ಕೇಳಿ, ದಾರಿ ಏನೇನಿದೆ ತಿಳಿಸಿ. ರ‍್ಯಾಗಿಂಗ್ ಎಂದರೆ ಹೊಸಬರನ್ನು ಕುಣಿಸುವುದು ಎಂದೇ ಇನ್ನೂ ಅನೇಕರು ತಿಳಿದಿದ್ದಾರೆ. ಯುಜಿಸಿ ನಿಯಮಗಳ 2016ರ ತಿದ್ದುಪಡಿಯ ಪ್ರಕಾರ ಬಣ್ಣ, ಜನಾಂಗ, ಧರ್ಮ, ಜಾತಿ, ರೂಪ, ರಾಷ್ಟ್ರೀಯತೆ, ಪ್ರಾದೇಶಿಕ ಮೂಲ, ಭಾಷೆ, ಹುಟ್ಟಿದ ಊರು ಇವುಗಳ ಆಧಾರದ ಮೇಲೆ ವಿದ್ಯಾರ್ಥಿಯನ್ನು, ಹೊಸಬನಿರಲಿ ಹಳಬನಿರಲಿ, ಹೀಯಾಳಿಸುವುದೂ ಹೊರಗಿಡುವುದೂ ರ‍್ಯಾಗಿಂಗೇ. ಸಹಾಯವಾಣಿ 1800-180-5522, ದಿನದ 24 ಗಂಟೆ. ಸಿದ್ದಿ ವಿದ್ಯಾರ್ಥಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಮೇಲಿನ ಮೂರು ಜಿಲ್ಲೆಗಳವರಾಗಿದ್ದರೆ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯೂ ಇದೆ. ಜನರ ಕಣ್ಣೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದು ಅದರಡಿ ಅಪರಾಧ, ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಈಶಾನ್ಯದವರ ಮಟ್ಟಿಗೆ, ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ 2014ರಲ್ಲಿ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಮೇಲೆ ನೇಮಕವಾದ ಬೇಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಲಂ ಬೇಕು ಎಂದಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಬರಲಿಲ್ಲ. ಹಾಗಾಗಿ ಕಾಲೇಜಿನೊಳಗಿನ ನಿಯಮಗಳೇ ಇವರಿಗೆ ಹತ್ತಿರದ ಆಸರೆ.

ವಿದೇಶಿ ವಿದ್ಯಾರ್ಥಿ ಯಾಕೆ ಬಾಯಿ ಬಿಡುವುದಿಲ್ಲ ಎಂದು ಆಶ್ಚರ್ಯಪಡುವವರು ಅವನ ಕಾಗದಪತ್ರ ನೋಡಬೇಕು. ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ (ಎಫ್‌ಆರ್‌ಆರ್‌ಒ) ನೋಂದಣಿ ಆಗಬೇಕು, ವೀಸಾ ಅವಧಿ ವಿಸ್ತರಣೆಗೆ ಕಾಲೇಜಿನ ಬೋನಫೈಡ್ ಬೇಕು, ಮನೆ ಮಾಲೀಕ ವಿದೇಶಿ ಬಾಡಿಗೆದಾರರ ವಿವರದ ನಮೂನೆ ತುಂಬದಿದ್ದರೆ ವಿಳಾಸದ ದಾಖಲೆಯೇ ಇಲ್ಲ. ಯಾರ ಮೇಲೆ ದೂರು ಹೇಳಬೇಕೋ ಅವರ ಸಹಿಯ ಮೇಲೆ ಅವನು ಈ ದೇಶದಲ್ಲಿ ಉಳಿದಿದ್ದಾನೆ. ಬೋನಫೈಡ್ ಕೊಡುವ ಅಧಿಕಾರವನ್ನು ವಿಭಾಗದಿಂದ ತೆಗೆದು ಪರೀಕ್ಷಾ ಶಾಖೆಗೋ ರಿಜಿಸ್ಟ್ರಾರ್ ಕಚೇರಿಗೋ ಕೊಡಿ, ಅರ್ಜಿ ಹಾಕಿದ ಮೂರು ಕೆಲಸದ ದಿನದಲ್ಲಿ ಕೊಡಲೇಬೇಕೆಂದು ಮಾಡಿ, ತಡವಾದರೆ ಕಾರಣ ಬರೆಯಲಿ. ಇಷ್ಟು ಮಾಡಿದ ಮೇಲೆ ಅವನ ಅನುಭವ ಕೇಳಿ. ಕೇಳಿಸುವ ಮಾತು ಬೇರೆಯಾಗಿರುತ್ತದೆ.

ಸಂಗ್ರಹವಾದ ಮೇಲೆ ಓದುವ ಬಗೆ. ವ್ಯಕ್ತಿವಾರು ಓದಿದರೆ ಕಣ್ಣೀರು ಬರುತ್ತದೆ, ತೀರ್ಮಾನ ಬರುವುದಿಲ್ಲ. ಜಾಗವಾರು ಓದಿ. ಹನ್ನೆರಡು ಬರಹಗಳಲ್ಲಿ ಏಳು ಕಡೆ ಲ್ಯಾಬಿನ ಜೋಡಿಯ ಮಾತು ಬಂದಿದೆ ಅಂದುಕೊಳ್ಳಿ. ಕಾರಣ ಹುಡುಕಿದರೆ ಖಳನಾಯಕರು ಸಿಗುವುದಿಲ್ಲ. ‘ನೀವೇ ಜೋಡಿ ಮಾಡಿಕೊಳ್ಳಿ’ ಎಂಬ ಅಧ್ಯಾಪಕರ ಒಂದು ವಾಕ್ಯ ಸಿಗುತ್ತದೆ. ಒಂದೇ ಪಿಯು ಕಾಲೇಜಿನಿಂದ ಬಂದವರು, ಒಂದೇ ಭಾಷೆಯವರು ಕಣ್ಣು ಮಿಟುಕಿಸುವುದರೊಳಗೆ ಜೋಡಿಯಾಗಿ, ಉಳಿಯುವವರು ಯಾವಾಗಲೂ ‘ಹೊರಗಿನವರೇ’. ಚೀಟಿ ಎತ್ತಿ ಜೋಡಿ ಮಾಡಿ, ತಿಂಗಳಿಗೊಮ್ಮೆ ಬದಲಿಸಿ, ಖರ್ಚು ಸೊನ್ನೆ. ವೈವಾದಲ್ಲಿ ಉಚ್ಚಾರಣೆಯ ಬಗ್ಗೆ ನಗು ಬಂದದ್ದು ಪದೇಪದೇ ಕಂಡರೆ ಇಬ್ಬರು ಪರೀಕ್ಷಕರು ಕೂರಲಿ, ಇಬ್ಬರೂ ಅಂಕವನ್ನು ಬೇರೆಬೇರೆ ಬರೆಯಲಿ. ಗೇಟಿನಲ್ಲಿ ಕಾರ್ಡ್ ನೋಡುವುದಾದರೆ ಎಲ್ಲರದ್ದೂ ನೋಡಲಿ, ಇಲ್ಲವೇ ಯಾರದ್ದೂ ಬೇಡ.

ಪಿ.ಜಿ.ಗಳಲ್ಲಿ, ಹಾಸ್ಟೆಲ್ಲುಗಳಲ್ಲಿ ವಾಸನೆಯ ತಕರಾರು ಬರುತ್ತದೆ: ಹುದುಗಿಸಿದ ಸೋಯಾ, ಒಣಮೀನು, ಬಿದಿರ ಕಳಲೆ. ಮಲೆನಾಡು, ಕೊಡಗಿನಲ್ಲಿ ಮಳೆಗಾಲ ಬಂತೆಂದರೆ ಕಳಲೆ ಹುಡುಕಿಕೊಂಡು ಹೋಗುವ ನಾವೇ ಮಣಿಪುರದವರ ಡಬ್ಬಿ ತೆರೆದಾಗ ಮೂಗು ಮುಚ್ಚುತ್ತೇವೆ, ಇರಲಿ. ಪರಿಹಾರ ಉಪದೇಶದಲ್ಲಿಲ್ಲ, ಎಕ್ಸಾಸ್ಟ್ ಫ್ಯಾನಿನಲ್ಲಿದೆ. ಮೆಸ್ಸಿನ ಪಕ್ಕ ಕಿಟಕಿಯಿರುವ ಒಂದು ಕೋಣೆ, ಎರಡು ಇಂಡಕ್ಷನ್ ಒಲೆ, ಸರದಿ ಪಟ್ಟಿ. ಅದು ಎಲ್ಲರಿಗೂ ತೆರೆದಿರಲಿ. ಉಡುಪಿಯವನೂ ಒಣಮೀನು ಸುಡಲು ಅಲ್ಲಿಗೇ ಬರುತ್ತಾನೆ.

ಓದಿದ 30 ದಿನದೊಳಗೆ ತೀರ್ಮಾನ ಸೂಚನಾ ಫಲಕದಲ್ಲಿ ಬರಬೇಕು. ಮಾತಾಡಿದ ಪ್ರತಿಯೊಬ್ಬರಿಗೂ ಮೊಹರು ಮಾಡಿದ ಲಕೋಟೆಯಲ್ಲಿ ‘ನೀವು ಹೇಳಿದ್ದರಲ್ಲಿ ಇದನ್ನು ಮಾಡಿದೆವು, ಇದನ್ನು ಮಾಡಲಾಗಲಿಲ್ಲ, ಕಾರಣ ಇದು’ ಎಂಬ ಉತ್ತರ ಹೋಗಬೇಕು. ಮಾಡಲಾಗದ್ದನ್ನು ಬರೆಯಲು ಹಿಂಜರಿಯುತ್ತೀರಿ ಎಂದು ಬಲ್ಲೆವು. ಬರೆಯಿರಿ, ವಿದ್ಯಾರ್ಥಿಗಳು ಅದನ್ನು ಅರಗಿಸಿಕೊಳ್ಳುತ್ತಾರೆ. ಏನೂ ಉತ್ತರ ಬಾರದಿರುವುದನ್ನು ಅರಗಿಸಿಕೊಳ್ಳುವುದಿಲ್ಲ.

ಆಶ್ರಮ ಶಾಲೆಗಳ, ವಸತಿ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಮಾತ್ರ. ‘ನಾನು ಸಿದ್ದಿ’, ‘ನನ್ನ ಬಣ್ಣ’ ಎಂಬ ವಿಷಯ ಕೊಟ್ಟು ಮಕ್ಕಳಿಂದ ಪ್ರಬಂಧ ಬರೆಸಿ, ಸ್ಪರ್ಧೆ ಮಾಡಿ, ಬಹುಮಾನ ಕೊಡುವುದನ್ನು ನಿಲ್ಲಿಸಿ. ನೋವು ಹೆಚ್ಚಾದಷ್ಟೂ ಅಂಕ ಹೆಚ್ಚು ಎಂಬುದನ್ನು ಮಗು ಒಂದೇ ಸ್ಪರ್ಧೆಯಲ್ಲಿ ಕಲಿತುಬಿಡುತ್ತದೆ. ಶಾಲೆಗೆ ಬರುವ ದಾರಿಯ ಬಗ್ಗೆ, ಅಜ್ಜಿ ಕವದಿ ಹೊಲಿಯುವುದರ ಬಗ್ಗೆ ತರಗತಿಯ ಎಲ್ಲ ಮಕ್ಕಳಿಂದಲೂ ಬರೆಸಿ. ಪೋರ್ಚುಗೀಸರ ಪಾಠ ಮಾಡುವ ದಿನ ಮೆಣಸಿನ ವ್ಯಾಪಾರದ ಜೊತೆ ಗುಲಾಮರ ವ್ಯಾಪಾರವನ್ನೂ ಹೇಳಿ; ಸಿದ್ದಿ ಮಗುವನ್ನು ಎಬ್ಬಿಸಿ ನಿಲ್ಲಿಸಿ ತೋರಿಸದೆ ಹೇಳಿ.

ಸುತ್ತೋಲೆ ಯಾವಾಗ ಹೊರಡಬೇಕು ಎಂಬುದೂ ಮುಖ್ಯ. ಸೆಮಿಸ್ಟರಿನ ಮೊದಲ ಎರಡು ವಾರ ಬೇಡ, ಹೊಸಬರಿಗೆ ಹೇಳಲು ಇನ್ನೂ ಏನೂ ಇರುವುದಿಲ್ಲ. ಹಾಲ್ ಟಿಕೆಟ್ ಹಂಚುವ ವಾರ ಬೇಡವೇ ಬೇಡ, ಹಾಜರಾತಿ ಕೊರತೆಯ ಪಟ್ಟಿ ಗೋಡೆಯ ಮೇಲಿರುವಾಗ ಯಾರೂ ಕಾಲೇಜಿನ ವಿರುದ್ಧ ಮಾತಾಡುವುದಿಲ್ಲ. ಮೊದಲ ಇಂಟರ್ನಲ್ಸ್ ಅಂಕ ಪ್ರಕಟವಾದ ಮರುವಾರ ಸರಿಯಾದ ಹೊತ್ತು. ಕೆಲಸ ಮೂರು ತಿಂಗಳು ಹಿಡಿಯುತ್ತದೆ, ಅಂತಿಮ ವರ್ಷದವರಿಗೆ ಉತ್ತರದ ಲಕೋಟೆ ಕೈಸೇರಬೇಕಾದರೆ ಬೆಸ ಸೆಮಿಸ್ಟರಿನಲ್ಲೇ ಆರಂಭಿಸಬೇಕು. ಸಮ ಸೆಮಿಸ್ಟರಿಗೆ ತಳ್ಳಿದರೆ ಅವರು ಟಿ.ಸಿ. ತೆಗೆದುಕೊಂಡು ಐಜ್ವಾಲಿಗೋ ಲಾಗೋಸಿಗೋ ಹಳಿಯಾಳಕ್ಕೋ ಹೋಗಿರುತ್ತಾರೆ.

ಇಂತಿ,
ವಿದ್ಯಾರ್ಥಿ ಅನುಭವ ದಾಖಲಾತಿಯ ಕೆಲಸದಲ್ಲಿರುವವರು